ಬಿಳಿ ಪುಡಿಗಳ ಮಧ್ಯಾಹ್ನ

ವಿಜ್ಞಾನದ ಟೀಚರಿಗೆ ಬಡ್ತಿಯ ಮೇಲೆ ಬೇರೆ ಊರಿಗೆ ಹೋಗುವ ಅವಕಾಶ ಎರಡು ಸಲ ಬಂದಿತ್ತು. ಎರಡು ಸಲವೂ ಅವಳ ಪರವಾಗಿ ಅಣ್ಣನೇ ಬೇಡವೆಂದಿದ್ದ. "ಅಮ್ಮನ್ನ ಯಾರು ನೋಡ್ಕೊಳ್ತಾರೆ?" ಎಂದರೆ ಮಾತು ಅಲ್ಲಿಗೆ ಮುಗಿಯಿತು. ಮೂರನೆಯ ಸಲ ಕರೆ ಬಂದಾಗ ಅವಳು ಮನೆಯಲ್ಲಿ ಬಾಯಿಯೇ ಬಿಡಲಿಲ್ಲ.

ಆ ವಾರ ಶಾಲೆಯ ಉಗ್ರಾಣದಲ್ಲಿ ನೀರಿನ ಪೈಪು ಒಡೆದು, ಸೀಸೆಗಳ ಚೀಟಿಗಳೆಲ್ಲ ಕಿತ್ತುಹೋದವು. ಒಳಗಿದ್ದದ್ದೆಲ್ಲ ಬಿಳಿ ಪುಡಿ. ಶನಿವಾರ ಮಧ್ಯಾಹ್ನ ಅವುಗಳನ್ನು ಬೇರ್ಪಡಿಸಲು ಕೂತಳು. ಒಳಗೆ ಯಾರೂ ಇಲ್ಲವೆಂದುಕೊಂಡ ಜವಾನ ಹೊರಗಿನಿಂದ ಚಿಲಕ ಹಾಕಿ ಹೊರಟುಹೋದ. ಫೋನು ಟೀಚರುಗಳ ಕೋಣೆಯಲ್ಲೇ ಉಳಿದಿತ್ತು. ಬಾಗಿಲು ಬಡಿದಳು, ಕಿಟಕಿಯ ಕಂಬಿ ಹಿಡಿದು ಕೂಗಿದಳು. ಗಂಟಲು ಒಣಗಿತೇ ಹೊರತು ಒಂದು ನರಪಿಳ್ಳೆಯೂ ಬರಲಿಲ್ಲ.

ಕೈಕಟ್ಟಿ ಕೂತರೆ ಎದೆ ಇನ್ನಷ್ಟು ಹೊಡೆದುಕೊಳ್ಳುತ್ತಿತ್ತು. ಸ್ಪಿರಿಟ್ ದೀಪ ಹಚ್ಚಿ, ಒಂದೊಂದೇ ಪುಡಿಯನ್ನು ಚಮಚದಲ್ಲಿ ಕಾಯಿಸಿದಳು. ಒಂದು ಕರಗಿ, ಕಂದಾಗಿ, ಸೀದ ವಾಸನೆ ಬಂತು: ಸಕ್ಕರೆ. ಅದು ಸಹವೇಲೆನ್ಸಿಯ ಸಂಯುಕ್ತ. ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಅಣುವಾಗಿರುತ್ತವೆ, ಅಣು ಅಣುವಿನ ನಡುವಿನ ಹಿಡಿತ ಮಾತ್ರ ಸಡಿಲ. ಇನ್ನೊಂದು ಜಪ್ಪಯ್ಯ ಎಂದರೂ ಕರಗಲಿಲ್ಲ: ಉಪ್ಪು. ಅದು ಅಯಾನಿಕ, ಒಂದು ಪರಮಾಣು ಎಲೆಕ್ಟ್ರಾನನ್ನು ಕೊಟ್ಟು, ಇನ್ನೊಂದು ಅದನ್ನು ಪಡೆದು, ವಿರುದ್ಧ ಆವೇಶದಿಂದ ಬಿಗಿಯಾಗಿ ಕಚ್ಚಿಕೊಂಡಿರುತ್ತವೆ. ಮೂರನೆಯದು ಬೇಗ ಕರಗಿತು. ಇದೂ ಸಕ್ಕರೆಯ ಪಂಗಡವೇ ಎಂದು ಪಕ್ಕಕ್ಕಿಟ್ಟವಳು, ಯಾಕೋ ಅನುಮಾನವಾಗಿ, ಶುದ್ಧ ನೀರಿನಲ್ಲಿ ಬೆರೆಸಿ ಬಲ್ಬು ಕಟ್ಟಿದ ಬ್ಯಾಟರಿಯ ತಂತಿಗಳನ್ನು ಇಳಿಬಿಟ್ಟಳು. ಬಲ್ಬು ಹತ್ತಿತು! ಸಕ್ಕರೆ ನೀರಿನಲ್ಲಿ ಅದು ಹತ್ತುವುದಿಲ್ಲ. ಅಯಾನುಗಳು ಬಿಡಿಬಿಡಿಯಾಗಿ ಓಡಾಡಿದರೇ ಕರೆಂಟು ಹರಿಯುವುದು. ಹಾಗಾದರೆ ಇದು ಪೊಟ್ಯಾಸಿಯಂ ನೈಟ್ರೇಟು; ಉಗ್ರಾಣದ ಅಯಾನಿಕ ಪುಡಿಗಳಲ್ಲಿ ಬೇಗ ಕರಗುವುದು ಅದೊಂದೇ. ಬರೀ ಕಾಯಿಸಿ ನೋಡಿದ್ದರೆ ಮೋಸಹೋಗುತ್ತಿದ್ದಳು.

ಮರೆತ ಛತ್ರಿಗೆಂದು ಸಂಜೆ ಬಂದ ಜವಾನ ಬಾಗಿಲು ತೆರೆದು ಕಂಗಾಲಾದ. "ಅಯ್ಯೋ ಮೇಡಂ, ನೀವು ಒಳಗಿದ್ರಾ!" ಅವಳು ಮೊದಲು ಟೀಚರುಗಳ ಕೋಣೆಗೆ ಹೋಗಿ ಫೋನು ನೋಡಿದಳು. ಮನೆಯಿಂದ ಒಂದೂ ಕರೆ ಬಂದಿರಲಿಲ್ಲ.

ಮನೆಯಲ್ಲಿ ಅಣ್ಣ ಸಿಡುಕಿದ. "ಎಲ್ಲಿ ಹಾಳಾಗಿ ಹೋಗಿದ್ದೆ? ಅಮ್ಮ ಹಸ್ಕೊಂಡು ಕೂತಿದ್ದಾಳೆ."

"ಉಗ್ರಾಣದಲ್ಲಿ ಸಿಕ್ಕಿಹಾಕ್ಕೊಂಡಿದ್ದೆ. ನೀನ್ಯಾಕೆ ಒಂದು ತುತ್ತು ಹಾಕ್ಲಿಲ್ಲ?"

ಅದೇ ಉಸಿರಿನಲ್ಲಿ ಅವಳೆಂದಳು: "ಮತ್ತೆ ಬಡ್ತಿ ಬಂದಿದೆ. ಈ ಸಲ ಹೋಗ್ತೀನಿ."

ಒಳಗಿನಿಂದ ಅಮ್ಮನ ದನಿ ಬಂತು: "ಹೋಗೋದಾದ್ರೆ ನನ್ನನ್ನೂ ಕರ್ಕೊಂಡು ಹೋಗೇ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೋದದ್ದು ಇಬ್ಬರೂ. ಹೊಸ ಊರಿನ ಎರಡು ಕೋಣೆಯ ಮನೆಯಲ್ಲಿ ಬೆಳಗೆದ್ದರೆ ಅಮ್ಮನದು ಒಂದೇ ರಾಗ: "ಇಲ್ಲಿ ಬಿಸಿಲೇ ಬರಲ್ಲ ಕಣೆ." ಮಗಳು ಬಾಚಣಿಗೆ ಹಿಡಿದು, ಆ ನರೆತ ಜಡೆಯ ಸಿಕ್ಕು ಬಿಡಿಸುತ್ತ ಕೂರುತ್ತಾಳೆ, ಶಾಲೆಗೆ ಹೊತ್ತಾಗುವವರೆಗೆ.