ಗೋಲಿನ ಮುಂದೆ ನಿಂತ ಕಟೌಟು

ಅರಕಲಗೂಡಿನಲ್ಲಿ ಕಾಂತರಾಜು ಮೇಷ್ಟ್ರ ಸಿಟ್ಟು ನೋಡದವರಿಲ್ಲ. ಇಪ್ಪತ್ತೆರಡು ವರ್ಷದಿಂದ ಪಿ.ಟಿ. ಮೇಷ್ಟ್ರು. ಮೊನ್ನೆಮೊನ್ನೆಯವರೆಗೂ ಫುಟ್‌ಬಾಲ್ ಅಂದರೆ ಮೂಗು ಮುರಿದ ಊರು ಇದು. ಹೆಣ್ಣುಮಕ್ಕಳ ಕಾಲಿಗೆ ಚೆಂಡು ಕೊಟ್ಟಾಗಲಂತೂ, "ಕಾಲು ಮುರ್ಕಂಡ್ರೆ ಯಾರು ಸಾ ಮದ್ವೆ ಆಗೋರು?" ಎಂದು ಹೆತ್ತವರು ಮೇಷ್ಟ್ರ ಮನೆ ಬಾಗಿಲಿಗೇ ಬಂದಿದ್ದರು. ಮೇಷ್ಟ್ರು ಅವರನ್ನೆಲ್ಲ ಉಗಿದು ಕಳಿಸಿ, ಮೈದಾನದ ಮುಳ್ಳು ತಾವೇ ಕಿತ್ತು, ಭಾನುವಾರವೂ ಸೀಟಿ ಊದಿದರು.

ಈಗ ನೋಡಿ, ಊರಿಗೆ ಊರೇ ಫುಟ್‌ಬಾಲ್ ಹುಚ್ಚು. ಅದಕ್ಕೆ ಕಾರಣ ಇದ್ರಿಸ್ ತಾಜಿ, ಮೊರಾಕ್ಕೋದವನು. ಮೀನು ಮಾರುವವಳ ಮಗ. ಬರಿಗಾಲಲ್ಲಿ ಬೀದಿಯಲ್ಲಿ ಆಡಿ ಬೆಳೆದು ಯುರೋಪಿನ ದೊಡ್ಡ ಕ್ಲಬ್ಬು ಸೇರಿದ. ಬಸ್ ಸ್ಟ್ಯಾಂಡಿನ ಆಟೋಗಳ ಹಿಂದೆಲ್ಲ ಅವನದೇ ಮುಖ. ಅವನ ಆಟ ಮೇಷ್ಟ್ರಿಗೂ ಪ್ರಾಣ. ಅವನ ಅಭಿಮಾನಿಗಳನ್ನು ಕಂಡರೆ ಮಾತ್ರ ಮೈ ಉರಿಯುತ್ತಿತ್ತು.

ಆ ಶನಿವಾರ ಹತ್ತು ಗಂಟೆಗೆ ಹೊಳೆನರಸೀಪುರದ ಹುಡುಗಿಯರ ಜೊತೆ ಪಂದ್ಯ. ಗೆದ್ದರೆ ಹಾಸನಕ್ಕೆ, ಜಿಲ್ಲಾ ಮಟ್ಟದ ಪಂದ್ಯಕ್ಕೆ. ಮೈದಾನ ಸಿದ್ಧವಿಲ್ಲದಿದ್ದರೆ ಆಡದೆಯೇ ಸೋತ ಹಾಗೆ. ಬೆಳಿಗ್ಗೆ ಗೆರೆ ಹಾಕಲೆಂದು ಸುಣ್ಣದ ಪುಡಿ ಹೊತ್ತು ಬಂದರೆ, ಗೋಲಿನ ಮುಂದೆಯೇ ಗುಂಡಿ ತೋಡಿ, ಸರ್ವೆ ಕಂಬ ನೆಟ್ಟು, ಮೂವತ್ತಡಿ ಇದ್ರಿಸ್‌ನನ್ನು ನಿಲ್ಲಿಸಿಬಿಟ್ಟಿದ್ದಾರೆ! ಕೊರಳಿಗೆ ಸೇವಂತಿಗೆ ಹಾರ ಬೇರೆ. ಏಣಿಯ ಮೇಲೆ ಅಭಿಮಾನಿ ಸಂಘದ ಅಧ್ಯಕ್ಷ ಶಶಿಕುಮಾರ್ ಕ್ಯಾನಿನಿಂದ ಹಾಲು ಸುರಿಯುತ್ತಿದ್ದ. ಕೆಳಗೆ ಪೆನಾಲ್ಟಿ ಜಾಗವೆಲ್ಲ ಕೆಸರು.

"ಇಳಿಯೋ ಕೆಳಕ್ಕೆ!" ಮೇಷ್ಟ್ರ ಗಂಟಲು ಹರಿಯುವಂತಿತ್ತು.

"ಬಾಸ್ ಹುಟ್ಟಬ್ಬ ಸಾ. ಸಾಯಂಕಾಲ ತೆಗೀತೀವಿ ಬುಡಿ."

"ಹತ್ತು ಗಂಟ್ಗೆ ಮ್ಯಾಚ್ ಐತೆ ಕಣ್ಲಾ!"

"ಹುಡ್ಗೀರ್ ಮ್ಯಾಚ್ ತಾನೇ ಸಾ? ನಾಳೀಕ್ ಆಡ್ಸಿ."

ಮೇಷ್ಟ್ರಿಗೆ ಪಿತ್ತ ನೆತ್ತಿಗೇರಿತು. ಥೂ, ಇವನ ಅಭಿಮಾನಕ್ಕಿಷ್ಟು ಬೆಂಕಿ ಹಾಕ! ಸುಣ್ಣದ ಚೀಲ ದೊಪ್ಪನೆ ಕೆಳಗೆ ಹಾಕಿದರು.

"ನಿಮ್ ಬಾಸು ಯಾವ ಜಾಗದಲ್ಲಿ ಆಡ್ತಾನ್ಲಾ?"

"ಲೆಫ್ಟ್ ಬ್ಯಾಕ್ ಸಾ!" ಶಶಿಕುಮಾರನ ಎದೆ ಉಬ್ಬಿತು. "ಮೂರನೇ ನಂಬರ್ ಜೆರ್ಸಿ. ಇನ್ನೂರ ಹನ್ನೊಂದು ಮ್ಯಾಚು, ಹದಿನಾಲ್ಕು ಗೋಲು."

"ಭೇಷ್. ನಿನ್ ತಂಗಿ ಸಿಂಧು?"

ಸಿಂಧು ಚೆಂಡುಗಳ ಚೀಲ ಹಿಡಿದು ಮೇಷ್ಟ್ರ ಪಕ್ಕದಲ್ಲೇ ನಿಂತಿದ್ದಳು. ಇದೇ ಮೈದಾನದಲ್ಲಿ ನಾಲ್ಕು ವರ್ಷದಿಂದ ಆಡುತ್ತಿದ್ದಾಳೆ. ಒಂದು ದಿನವಾದರೂ ಅಣ್ಣ ಅನ್ನಿಸಿಕೊಂಡವನು ಇತ್ತ ತಲೆ ಹಾಕಿದ್ದರೆ ಕೇಳಿ.

ಶಶಿಕುಮಾರ್ ತಡವರಿಸಿದ. "ಗೋಲ್ ಕೀಪರ್... ಅಲ್ವಾ ಸಾ?"

ಏಣಿ ಹಿಡಿದಿದ್ದ ಹುಡುಗರೂ ನಗಲಿಲ್ಲ.

"ಲೆಫ್ಟ್ ಬ್ಯಾಕ್ ಕಣಣ್ಣ," ಎಂದಳು ಸಿಂಧು, ಮುಖ ಎತ್ತದೆ. "ನಂದೂ ಮೂರನೇ ನಂಬರ್ರೇ."

ಶಶಿಕುಮಾರ್ ಒಂದೊಂದೇ ಮೆಟ್ಟಿಲು ಇಳಿದು ಬಂದು, ಕ್ಯಾನು ಕೆಳಗಿಟ್ಟು, ತಂಗಿಯ ಮುಂದೆ ತಲೆ ತಗ್ಗಿಸಿ ನಿಂತ.

"ಏನ್ಲಾ ನಿಂತ್ಕಂಡು ನೋಡ್ತೀಯ?" ಮೇಷ್ಟ್ರು ಗದರಿದರು. "ಕೀಳು ಕಂಬ!"