ರತ್ನಪ್ರಭಾ ಮುಟ್ಟಬಾರದಿದ್ದ ಮೊಡವೆ

ಬೆಳಗಿನ ಆರೂವರೆ. ಹೆಸರಿಗಷ್ಟೇ ಬೆಳಗು, ದೆಹಲಿಯ ಆರ್.ಕೆ. ಪುರಂನ ಸರ್ಕಾರಿ ಕ್ವಾರ್ಟರ್ಸಿನ ಈ ಬಾಲ್ಕನಿಯಿಂದ ನೋಡಿದರೆ ಎದುರಿನ ಬ್ಲಾಕು ಇದೆಯೋ, ರಾತ್ರೋರಾತ್ರಿ ಯಾರಾದರೂ ಕಿತ್ತುಕೊಂಡು ಹೋದರೋ ಎಂದು ಅನುಮಾನ ಬರುವಷ್ಟು ಮಂಜು. ಗಾಜು ಹಾಕಿ ಮುಚ್ಚಿಸಿದ ಬಾಲ್ಕನಿಯೊಳಗೆ ಒಂದು ಕುರ್ಚಿ, ಕುರ್ಚಿಯ ಮುಂದೆ ಸ್ಟೂಲು, ಸ್ಟೂಲಿನ ಮೇಲೆ ಬಿಸಿನೀರಿನ ಪಾತ್ರೆ. ಅದರ ಮೇಲೆ ಟವೆಲು ಹೊದ್ದು ಬಗ್ಗಿ ಕೂತಿರುವವರು ಪಕ್ಕದ ಬ್ಲಾಕಿನ ಲೀಲಾ. ತಂಗಿಯ ಮಗಳ ಮದುವೆಗೆ ಹಾಸನಕ್ಕೆ ಹೊರಟಿದ್ದಾರೆ. ಹೊರಡುವ ಮುಂಚೆ ಮೂಗಿನ ಮೇಲಿನ ಕರಿಚುಕ್ಕೆಗಳು ಹೋಗಬೇಕು.

“ಇನ್ನೂ ಎಷ್ಟು ಹೊತ್ತು ರತ್ನಾ? ಇಡ್ಲಿ ಥರ ಬೆಂದು ಹೋದೆ” ಎಂದು ಟವೆಲಿನೊಳಗಿಂದ ದನಿ ಬರುತ್ತದೆ.

“ಬೇಯ್ಲಿ ಬಿಡಿ. ಚರ್ಮ ಮೆತ್ತಗಾದ್ರೇನೇ ಒಳಗಿರೋ ಕಸ ಹೊರಗೆ ಬರೋದು. ಗಟ್ಟಿ ಚರ್ಮಾನ ಒತ್ತಿದ್ರೆ ಕಲೆ ಉಳಿಯುತ್ತೆ ಅಷ್ಟೇ” ಎನ್ನುತ್ತಾರೆ ರತ್ನಪ್ರಭಾ. ನಲವತ್ತೆಂಟರ ಹೆಂಗಸು, ಸೀರೆಯ ಮೇಲೆ ಗಂಡನ ಹಳೇ ಸ್ವೆಟರು, ಕೈಯಲ್ಲಿ ತುದಿಗೆ ಪುಟ್ಟ ಉಂಗುರವಿರುವ ಸ್ಟೀಲಿನ ಕಡ್ಡಿ. ಕೆಲಸ ಲೀಲಾ ಅವರ ಮುಖದ ಮೇಲೆ ನಡೆಯಬೇಕು, ಆದರೆ ರತ್ನಪ್ರಭಾ ಅವರ ಕಣ್ಣು ಕೆಳಗಿನ ಗೇಟು ಬಿಟ್ಟು ಕದಲುತ್ತಿಲ್ಲ. ಗಗನಾ ಇಷ್ಟು ಹೊತ್ತಿಗೆ ಬಂದಿರಬೇಕಿತ್ತು.

ದೆಹಲಿಯಲ್ಲಿ ಬ್ಯೂಟಿ ಪಾರ್ಲರಿಗೇನು ಬರವೇ? ಗಲ್ಲಿಗೊಂದಿದೆ. ಆದರೆ ಮುಖ ಒತ್ತಿ ಕಳಿಸಿದ ಮೇಲೆ ಮರುದಿನ ಬೆಳಿಗ್ಗೆ ಬಂದು ಮುಖ ತೋರಿಸಿ ಹೋಗು ಎಂದು ಕಟ್ಟಪ್ಪಣೆ ಮಾಡುವವರು ಈ ರತ್ನಪ್ರಭಾ ಒಬ್ಬರೇ ಇರಬೇಕು. ಪೌಡರ್ ಬಳಿಯದೆ, ಕ್ರೀಮು ಸವರದೆ, ಎದ್ದ ಮುಖದಲ್ಲೇ ಬರಬೇಕು. ಕಿಟಕಿಯ ಬೆಳಕಿಗೆ ಗಲ್ಲ ಹಿಡಿದು ತಿರುಗಿಸಿ ನೋಡುತ್ತಾರೆ, ಕೆಂಪಾಗಿದೆಯಾ, ಬಿಸಿಯಾಗಿದೆಯಾ ಎಂದು ಬೆರಳ ಹಿಂಬದಿ ಮುಟ್ಟಿಸಿ ನೋಡುತ್ತಾರೆ, ಆಮೇಲೆ ಒಂದು ಲೋಟ ಕಾಫಿ. ಈ ಕಾಫಿಯ ಆಸೆಗೇ ಪಕ್ಕದ ಮುನಿರ್ಕಾದ ರೂಮುಗಳಲ್ಲಿರುವ ಕನ್ನಡದ ಹುಡುಗಿಯರು ತಪ್ಪದೆ ಬರುತ್ತಾರೆ ಎಂದು ಲೀಲಾ ತಮಾಷೆ ಮಾಡುತ್ತಾರೆ.

ಗಗನಾ ಅಂಥ ಹುಡುಗಿಯರಲ್ಲಿ ಒಬ್ಬಳು. ಚಿತ್ರದುರ್ಗದ ಕಡೆಯವಳು, ಮುನಿರ್ಕಾದಲ್ಲಿ ಬಾಡಿಗೆ ರೂಮು ಹಿಡಿದು ಪಿಎಚ್.ಡಿ. ಮಾಡುತ್ತಿದ್ದಾಳೆ. ನಾಡಿದ್ದು ಅವಳಿಗೆ ಕಾಲೇಜೊಂದರಲ್ಲಿ ಲೆಕ್ಚರರ್ ಕೆಲಸದ ಇಂಟರ್‌ವ್ಯೂ. ಮೊನ್ನೆ ಸಂಜೆ ಮೂಗಿನ ಪಕ್ಕದಲ್ಲಿ ಕೆಂಪಗೆ ಊದಿಕೊಂಡ ಮೊಡವೆ ಹೊತ್ತು ಬಂದು, ಇದನ್ನು ತೆಗೆಯಿರಿ ಎಂದು ಕೂತುಬಿಟ್ಟಳು.

ರತ್ನಪ್ರಭಾ ಕರಿಚುಕ್ಕೆ ತೆಗೆಯುತ್ತಾರೆ, ಬಿಳಿಗುಳ್ಳೆ ತೆಗೆಯುತ್ತಾರೆ. ಕೆಂಪಗಿದ್ದು, ಬಿಸಿಯಿದ್ದು, ಮುಟ್ಟಿದರೆ ನೋಯುವುದನ್ನು ಮಾತ್ರ ಮುಟ್ಟುವುದಿಲ್ಲ. ಅದರಲ್ಲೂ ಮೂಗು ಮತ್ತು ಮೇಲ್ದುಟಿಯ ಆಸುಪಾಸು ಬೇಡವೇ ಬೇಡ. ಲಾಜಪತ್ ನಗರದಲ್ಲಿ ಬ್ಯೂಟಿಷಿಯನ್ ಕೋರ್ಸು ಮಾಡುವಾಗ ಪಂಜಾಬಿ ಟೀಚರಮ್ಮ ಮೊದಲ ದಿನವೇ ಬಡಿದು ಬಡಿದು ಹೇಳಿದ ಪಾಠ ಅದು. ಅಲ್ಲಿಂದ ಕೀವು ಮೇಲಕ್ಕೆ ಹತ್ತಿದರೆ ಕಣ್ಣಿಗೂ ಹೋದೀತು, ತಲೆಗೂ ಹೋದೀತು ಅಂದಿದ್ದರಂತೆ. ಇಷ್ಟು ವರ್ಷ ರತ್ನಪ್ರಭಾ ಆ ಗೆರೆ ದಾಟಿದವರಲ್ಲ.

“ನೀವು ತೆಗೀದಿದ್ರೆ ರೂಮಿಗೆ ಹೋಗಿ ಸೇಫ್ಟಿ ಪಿನ್ನಲ್ಲಿ ನಾನೇ ಒಡ್ಕೋತೀನಿ ಆಂಟಿ” ಅಂದಳು ಗಗನಾ. ಮಾಡಿಯೇ ಬಿಡುವ ಹುಡುಗಿ. ಅವಳ ಉಗುರು, ತುಕ್ಕು ಹಿಡಿದ ಪಿನ್ನು ನೆನೆದು ರತ್ನಪ್ರಭಾ ಅವರ ಮನಸ್ಸು ಸಡಿಲವಾಯಿತು. ಅವಳ ಕೈಗಿಂತ ಕುಕ್ಕರಿನಲ್ಲಿ ಕುದಿಸಿದ ತನ್ನ ಕಡ್ಡಿ ವಾಸಿಯಲ್ಲವೇ ಅನ್ನಿಸಿತು. ಒತ್ತಿದರು. ಬಂದದ್ದು ಸ್ವಲ್ಪ, ಒಳಗೆ ಉಳಿದದ್ದು ಹೆಚ್ಚು. ನಿನ್ನೆ ಬೆಳಿಗ್ಗೆ ತೋರಿಸಲು ಬಂದಾಗ ಜಾಗ ಇನ್ನೂ ಕೆಂಪಗಿತ್ತು. ನಾಳೆ ಮತ್ತೆ ಬಾ, ಏನೂ ಹಚ್ಚಬೇಡ ಎಂದು ಹೇಳಿ ಕಳಿಸಿದ್ದರು.

ಈ ಹೊತ್ತು ಬಂದಿಲ್ಲ. ಫೋನು ಸ್ವಿಚ್ ಆಫ್.

“ಮಲಗಿರ್ತಾಳೆ ಬಿಡಿ, ಈ ಚಳೀಲಿ ಯಾರು ಏಳ್ತಾರೆ” ಎನ್ನುತ್ತಾರೆ ಲೀಲಾ. ಇರಬಹುದು. ಆದರೂ ರತ್ನಪ್ರಭಾ ಇನ್ನೊಮ್ಮೆ ಫೋನು ಮಾಡಿ ನೋಡುತ್ತಾರೆ. ಲೀಲಾ ಅವರ ಮೂಗಿನ ಒಂದು ಪಕ್ಕ ಮುಗಿಸಿ ಇನ್ನೊಂದು ಪಕ್ಕಕ್ಕೆ ಕಡ್ಡಿ ಇಡಬೇಕು, ಕೈ ಸಣ್ಣಗೆ ನಡುಗುತ್ತಿದೆ. ನಡುಗುವ ಕೈಯಲ್ಲಿ ಮುಖ ಮುಟ್ಟಬಾರದು. “ಉಳಿದದ್ದು ಸಂಜೆ ಮಾಡ್ತೀನಿ, ಕೋಪ ಮಾಡ್ಕೋಬೇಡಿ” ಎಂದು ಅರ್ಧ ಮೂಗಿನ ಲೀಲಾ ಅವರನ್ನು ಎಬ್ಬಿಸುತ್ತಾರೆ.

ಹಾಲಿನಲ್ಲಿ ಪೇಪರು ಹಿಡಿದು ಬಾಗಿಲ ಬಳಿ ಕೂತಿರುವುದು ಪತಿ ದಕ್ಷಿಣಾಮೂರ್ತಿ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು, ಅರಸೀಕೆರೆಯಿಂದ ಬಂದು ಇಪ್ಪತ್ತಮೂರು ವರ್ಷವಾಯಿತು. ಅವರು ಪೇಪರು ಓದುವುದಕ್ಕಿಂತ ಕಾವಲು ಕಾಯುವುದೇ ಹೆಚ್ಚು. ಕ್ವಾರ್ಟರ್ಸಿನಲ್ಲಿ ವ್ಯಾಪಾರ ನಡೆಸಬಾರದು ಎಂಬ ನಿಯಮವಿದೆ, ಯಾರಾದರೂ ಒಂದು ಅರ್ಜಿ ಬರೆದರೆ ಮನೆ ಖಾಲಿ ಮಾಡಿಸುತ್ತಾರೆ ಎಂಬ ಭಯ ಅವರನ್ನು ಸುಖವಾಗಿ ಕಾಫಿ ಕುಡಿಯಲೂ ಬಿಟ್ಟಿಲ್ಲ. ಬೋರ್ಡಿಲ್ಲ, ಕನ್ನಡಿಯ ಮುಂದೆ ದೀಪವಿಲ್ಲ, ಬರುವವರೆಲ್ಲ ‘ನೆಂಟರು’. ಚಳಿಗಾಲದಲ್ಲಿ ದಿನಕ್ಕೆ ಏಳೆಂಟು ನೆಂಟರು ಬಂದರೆ ಪಾಪದ ಮನುಷ್ಯ ಏನು ಮಾಡಬೇಕು!

ಚಳಿಗಾಲದಲ್ಲೇ ಯಾಕೆ ಹೆಚ್ಚು ಎಂದರೆ, ಅದು ನಮ್ಮವರದೇ ಘನಕಾರ್ಯ. ಊರಿಂದ ತಂದ ಕೊಬ್ಬರಿ ಎಣ್ಣೆ ಇಲ್ಲಿಯ ಡಿಸೆಂಬರಿಗೆ ಮೇಣದ ಹಾಗೆ ಗಟ್ಟಿಯಾಗುತ್ತದೆ. ಚರ್ಮ ಒಡೆಯಿತೆಂದು ಅದನ್ನೇ ಹೀಟರಿನ ಮುಂದಿಟ್ಟು ಕರಗಿಸಿ, ಹಣೆ, ಮೂಗು, ಗಲ್ಲಕ್ಕೆಲ್ಲ ದಂಡಿಯಾಗಿ ಬಳಿದು, ರಜಾಯಿ ಹೊದ್ದು ಮಲಗುತ್ತಾರೆ. ಅದರ ಮೇಲೆ ಈ ಊರಿನ ಧೂಳು, ಹೊಗೆ. ಚರ್ಮದ ಸಣ್ಣ ಸಣ್ಣ ಬಾಯಿಗಳೆಲ್ಲ ಮುಚ್ಚಿ, ಒಳಗಿನ ಜಿಡ್ಡು ಒಳಗೇ ಕೂತು ಕಪ್ಪಗಾಗುತ್ತದೆ. ಕೆಲವರು ಇದಕ್ಕೆ ಹೆದರಿ ಸೋಪು ಹಾಕಿ ದಿನಕ್ಕೆ ಐದಾರು ಸಲ ತಿಕ್ಕುತ್ತಾರೆ, ಆಗ ಜಿಡ್ಡು ಇನ್ನಷ್ಟು ಒಸರುತ್ತದೆ.

“ಎಣ್ಣೆ ತಲೆಗೆ ಹಚ್ಚಿ, ಮುಖಕ್ಕೆ ಬೇಡ. ಬೆಳಿಗ್ಗೆ, ರಾತ್ರಿ ಉಗುರುಬೆಚ್ಚನೆ ನೀರಲ್ಲಿ ತೊಳೀರಿ, ತಿಕ್ಕಬೇಡಿ. ದಿಂಬಿನ ಕವರು ಒಗೀರಿ. ಕನ್ನಡಿ ಮುಂದೆ ನಿಂತು ಉಗುರು ಹಾಕಬೇಡಿ. ಇಷ್ಟು ಮಾಡಿದ್ರೆ ನನ್ನ ಹತ್ರ ಬರೋದೇ ಬೇಡ” ಎಂದು ಬಂದವರಿಗೆಲ್ಲ ಹೇಳುತ್ತಾರೆ. ಗಿರಾಕಿಯನ್ನು ಓಡಿಸುವ ವ್ಯಾಪಾರ ಇದೊಂದೇ ಇರಬೇಕು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಅನ್ನುತ್ತೇವಲ್ಲ, ಮುಖದ ಮಟ್ಟಿಗೆ ಉಗುರೇ ಕೊಡಲಿ.

ರತ್ನಪ್ರಭಾ ಶಾಲು ಹೊದ್ದು ಚಪ್ಪಲಿ ಮೆಟ್ಟುತ್ತಾರೆ.

“ಎಲ್ಲಿಗೆ?” ದಕ್ಷಿಣಾಮೂರ್ತಿ ಪೇಪರು ಇಳಿಸುತ್ತಾರೆ.

“ಗಗನಾ ರೂಮಿಗೆ. ಯಾಕೋ ಭಯ ಆಗ್ತಿದೆ ರೀ.”

ಅವರ ಮುಖವೂ ಬಿಳಿಚಿಕೊಳ್ಳುತ್ತದೆ. ಪೇಪರು ಮಡಿಸಿಟ್ಟು, “ನಾನೂ ಬರ್ತೀನಿ, ಇರು” ಎಂದು ಮಂಕಿ ಕ್ಯಾಪು ಹುಡುಕುತ್ತಾರೆ.

ಮುನಿರ್ಕಾದ ಗಲ್ಲಿಗಳು ಹಗಲಲ್ಲೇ ಕತ್ತಲು. ಮಂಜು ಇಳಿದ ಮೇಲೆ ಕೇಳುವುದೇ ಬೇಡ. ತಲೆಯ ಮೇಲೆ ತಂತಿಗಳ ಗೋಜಲು, ಕಾಲಡಿ ಮೋರಿ ನೀರು, ಹಾಲಿನ ಕ್ಯಾನು ಕಟ್ಟಿದ ಸೈಕಲ್ಲುಗಳು ಎದುರಿಗೇ ನುಗ್ಗುತ್ತವೆ. ರತ್ನಪ್ರಭಾ ಅವರಿಗೆ ಇದ್ಯಾವುದೂ ಕಾಣುತ್ತಿಲ್ಲ. ಕಣ್ಣಿಗೆ ಹೋದೀತು, ತಲೆಗೆ ಹೋದೀತು ಎಂಬ ಟೀಚರಮ್ಮನ ಮಾತು ಕಿವಿಯಲ್ಲಿ ಸುತ್ತುತ್ತಿದೆ. ದೇವರೇ, ಹುಡುಗಿ ಮಲಗಿರಲಿ, ಬೈಯಲಿ, ಇಷ್ಟು ಬೇಗ ಯಾಕೆ ಎಬ್ಬಿಸಿದಿರಿ ಎಂದು ಜಗಳವಾಡಲಿ ಎಂದು ಬೇಡಿಕೊಳ್ಳುತ್ತಾ ಮೆಟ್ಟಿಲು ಹತ್ತುತ್ತಾರೆ.

ಬಾಗಿಲು ತಟ್ಟಿದರೆ ಸದ್ದಿಲ್ಲ. ಮತ್ತೆ ತಟ್ಟುತ್ತಾರೆ. “ಗಗನಾ, ನಾನಮ್ಮಾ, ಆಂಟಿ.” ಒಳಗೆ ಏನೋ ಎಳೆದ ಸದ್ದು. ಚಿಲಕ ಸರಿಯುತ್ತದೆ. ದುಪಟ್ಟಾದಲ್ಲಿ ಅರ್ಧ ಮುಖ ಮುಚ್ಚಿಕೊಂಡ ಹುಡುಗಿ ಗೋಡೆಗೆ ಒರಗಿ ನಿಂತಿದ್ದಾಳೆ.

ರತ್ನಪ್ರಭಾ ದುಪಟ್ಟಾ ಸರಿಸುತ್ತಾರೆ. ಮೂಗಿನ ಪಕ್ಕದಿಂದ ಕೆನ್ನೆಯವರೆಗೆ ಕೆಂಪಗೆ ಬಿಗಿದ ಬಾವು. ಎಡಗಣ್ಣು ಮುಚ್ಚಿಹೋಗಿದೆ. ಮೈ ಕೆಂಡ. ಮುಖದ ತುಂಬ ಎಣ್ಣೆ ಅರಿಶಿನದ ವಾಸನೆ.

“ಅಮ್ಮ ಫೋನಲ್ಲಿ ಹೇಳಿದ್ರು ಆಂಟಿ, ಬಿಸಿ ಕೊಬ್ಬರಿ ಎಣ್ಣೆಗೆ ಅರಿಶಿನ ಕಲಸಿ ಕಟ್ಟು ಅಂತ. ನೀವು ಬೇಡ ಅಂದಿದ್ರಿ. ಬೈತೀರಾ ಅಂತ ಫೋನ್ ಆಫ್ ಮಾಡಿದೆ” ಎಂದು ಅಳುತ್ತಾಳೆ. ಬೈಯುವ ಬದಲು ರತ್ನಪ್ರಭಾ ತಮ್ಮ ಶಾಲು ಬಿಚ್ಚಿ ಅವಳಿಗೆ ಹೊದಿಸುತ್ತಾರೆ.

ಆಟೋದಲ್ಲಿ ಹುಡುಗಿಯನ್ನು ನಡುವೆ ಕೂರಿಸಿಕೊಂಡು ದೊಡ್ಡ ಸರ್ಕಾರಿ ಆಸ್ಪತ್ರೆಗೆ ಹೊರಡುತ್ತಾರೆ. “ಭಯ್ಯಾ, ಜಲ್ದಿ” ಎಂದು ದಕ್ಷಿಣಾಮೂರ್ತಿ ಹೇಳಿದಷ್ಟೂ ಮಂಜಿನಲ್ಲಿ ಆಟೋ ತೆವಳುತ್ತದೆ. ಗಗನಾ ಕಣ್ಣು ಮುಚ್ಚಿ ಒರಗಿದ್ದಾಳೆ. ಮಲಗಿದಳೋ, ಪ್ರಜ್ಞೆ ತಪ್ಪಿತೋ ತಿಳಿಯದೆ ರತ್ನಪ್ರಭಾ ಅವಳ ಅಂಗೈ ಒತ್ತುತ್ತಲೇ ಇದ್ದಾರೆ. ಅವಳು ತಿರುಗಿ ಒತ್ತಿದಾಗಷ್ಟೇ ಉಸಿರು ಬಿಡುತ್ತಾರೆ.

ಆಸ್ಪತ್ರೆಯ ವರಾಂಡದಲ್ಲಿ ದಕ್ಷಿಣಾಮೂರ್ತಿ ಹೆಂಡತಿಯನ್ನು ಪಕ್ಕಕ್ಕೆ ಕರೆಯುತ್ತಾರೆ. “ಎಣ್ಣೆ ಹಚ್ಚಿದ್ದು ಅವಳು. ಅಷ್ಟು ಹೇಳು ಸಾಕು, ಸುಳ್ಳೇನಲ್ಲವಲ್ಲ. ನೀನು ಒತ್ತಿದ್ದು ಅಂದ್ರೆ ಪೊಲೀಸು ಗಿಲೀಸು ಅಂತ ಆಗುತ್ತೆ. ಮನೆ ಹೋಗುತ್ತೆ, ನನ್ನ ನೌಕರಿಗೂ ಬರುತ್ತೆ ರತ್ನಾ. ಕೈ ಮುಗೀತೀನಿ.” ಕೆಟ್ಟ ಮನುಷ್ಯನಲ್ಲ, ಹೆದರಿದ ಮನುಷ್ಯ. ರತ್ನಪ್ರಭಾ ಅವರೂ ಅಷ್ಟೇ ಹೆದರಿದ್ದಾರೆ. ಆ ಮಾತು ಅವರಿಗೆ ಸರಿ ಎಂದೂ ಅನ್ನಿಸುತ್ತದೆ, ಅದೇ ದೊಡ್ಡ ಹಿಂಸೆ.

ಡ್ಯೂಟಿ ಡಾಕ್ಟರು ಕಣ್ಣಿನ ರೆಪ್ಪೆ ಬಿಡಿಸಿ ಟಾರ್ಚು ಹಾಕಿ ನೋಡುತ್ತಾರೆ. ಅವರ ಹುಬ್ಬು ಗಂಟಾಗುತ್ತದೆ. “ಇದನ್ನ ಒತ್ತಿದ್ದು ಯಾರು?” ಎಂದು ಹಿಂದಿಯಲ್ಲಿ ಕೇಳುತ್ತಾರೆ.

“ನಾನೇ” ಎನ್ನುತ್ತಾಳೆ ಗಗನಾ ತಕ್ಷಣ.

“ಉಗುರಲ್ಲಾ? ಬೇರೆ ಯಾವುದರಲ್ಲಾದರೂನಾ?”

ಗಗನಾ ಬಿಟ್ಟಿರುವ ಒಂದೇ ಕಣ್ಣಲ್ಲಿ ರತ್ನಪ್ರಭಾ ಕಡೆ ನೋಡುತ್ತಾಳೆ. ದಕ್ಷಿಣಾಮೂರ್ತಿ ನೆಲ ನೋಡುತ್ತಿದ್ದಾರೆ. ಆ ಒಂದು ಗಳಿಗೆ ರತ್ನಪ್ರಭಾ ಅವರ ಕಣ್ಣ ಮುಂದೆ ಮನೆ ಹಾದುಹೋಗುತ್ತದೆ, ನೌಕರಿ ಹಾದುಹೋಗುತ್ತದೆ. ಆಮೇಲೆ ಮುಚ್ಚಿದ ಆ ಕಣ್ಣು ಮಾತ್ರ ಉಳಿಯುತ್ತದೆ.

“ಮೈನೇ ದಬಾಯಾ, ಡಾಕ್ಟರ್ ಸಾಬ್, ನಾನೇ ಒತ್ತಿದ್ದು” ಎನ್ನುತ್ತಾರೆ. “ಸ್ಟೀಲ್ ಕಡ್ಡಿಯಲ್ಲಿ, ಮೊನ್ನೆ ಸಂಜೆ. ಕುದಿಸಿದ ಕಡ್ಡಿ. ಪೂರ್ತಿ ಬರಲಿಲ್ಲ, ಒಳಗೆ ಉಳೀತು. ಆದರೂ ಇನ್ನೊಂದು ಸಲ ಒತ್ತಿದೆ.”

ಡಾಕ್ಟರು ಅವರಿಗೆ ಮಂಗಳಾರತಿ ಎತ್ತುತ್ತಾರೆ. ನರ್ಸುಗಳು, ಬೇರೆ ರೋಗಿಗಳು, ಎಲ್ಲರೂ ತಿರುಗಿ ನೋಡುವ ಹಾಗೆ. ಸೋಂಕು ಕಣ್ಣಿನ ಸುತ್ತ ಹರಡಿದೆ, ಮೇಲೆ ಹೋದರೆ ಜೀವಕ್ಕೇ ಸಂಚಕಾರ, ಈಗಲೇ ಏನೂ ಹೇಳಲಾಗದು ಎನ್ನುತ್ತಾರೆ. ಗಗನಾಳನ್ನು ಸ್ಟ್ರೆಚರಿನಲ್ಲಿ ಒಳಗೆ ತಳ್ಳಿಕೊಂಡು ಹೋಗುತ್ತಾರೆ. ರತ್ನಪ್ರಭಾ ಗೋಡೆ ಹಿಡಿದು ಅಲ್ಲೇ ಕೂರುತ್ತಾರೆ. ದಕ್ಷಿಣಾಮೂರ್ತಿ ತಮ್ಮ ಮಫ್ಲರು ಬಿಚ್ಚಿ ಅವರ ಹೆಗಲಿಗೆ ಹಾಕಿ ಪಕ್ಕದಲ್ಲಿ ಕೂರುತ್ತಾರೆ.

ಡ್ರಿಪ್ಪು ಹನಿಯುತ್ತದೆ, ಜ್ವರ ಇಳಿಯುವುದಿಲ್ಲ. ಮರುದಿನವೂ ಕಣ್ಣು ತೆರೆಯುವುದಿಲ್ಲ. ಊರಿಂದ ಅವಳ ತಾಯಿ ರೈಲು ಹತ್ತಿದ್ದಾರೆ. ಆ ತಾಯಿಗೆ ಏನೆಂದು ಮುಖ ತೋರಿಸಲಿ ಎಂದು ರತ್ನಪ್ರಭಾ ಅನ್ನ ನೀರು ಬಿಟ್ಟು ವಾರ್ಡಿನ ಬಾಗಿಲಲ್ಲೇ ಇದ್ದಾರೆ. ಇಂಟರ್‌ವ್ಯೂ ದಿನ ಬಂದು ಹೋಗುತ್ತದೆ. ಅಂದು ಸಂಜೆಯ ಹೊತ್ತಿಗೆ ಬಾವು ಸಡಿಲವಾಗಿ, ರೆಪ್ಪೆಯ ನಡುವೆ ಒಂದು ಗೆರೆಯಷ್ಟು ಕಣ್ಣು ಬಿಡುತ್ತಾಳೆ. ಡಾಕ್ಟರು ಬೆರಳು ತೋರಿಸಿ ಎಷ್ಟು ಎಂದು ಕೇಳುತ್ತಾರೆ. “ಎರಡು” ಎನ್ನುತ್ತಾಳೆ. ರತ್ನಪ್ರಭಾ ವರಾಂಡಕ್ಕೆ ಓಡಿ ಬಂದು ಬಾಯಿಗೆ ಸೆರಗು ತುರುಕಿಕೊಂಡು ಅಳುತ್ತಾರೆ.

ಹುಡುಗಿ ಉಳಿದಳು, ಕಣ್ಣು ಉಳಿಯಿತು. ಕೆಲಸ ಉಳಿಯಲಿಲ್ಲ, ಆ ಕಾಲೇಜು ಬೇರೆಯವರನ್ನು ತೆಗೆದುಕೊಂಡಿದೆ. ಅವಳ ತಾಯಿ ನಡೆದದ್ದನ್ನೆಲ್ಲ ರತ್ನಪ್ರಭಾ ಬಾಯಿಂದಲೇ ಕೇಳಿ ಅಲ್ಲಿಂದ ಎದ್ದು ಹೋದರು. ಪೊಲೀಸು ಬರಲಿಲ್ಲ, ಅರ್ಜಿಯನ್ನೂ ಈವರೆಗೆ ಯಾರೂ ಬರೆದಿಲ್ಲ. ಆದರೆ ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ದಕ್ಷಿಣಾಮೂರ್ತಿ ಈಗಲೂ ಲೋಟ ಕೆಳಗಿಡುತ್ತಾರೆ.

ಮಾರ್ಚಿನ ಬಿಸಿಲು ಬಂದಿದೆ. ಬಾಲ್ಕನಿಯ ಕುರ್ಚಿ ಬಹಳ ದಿನ ಖಾಲಿಯಿತ್ತು. ಈಗ ಒಬ್ಬರೋ ಇಬ್ಬರೋ ಬರುತ್ತಾರೆ. ಬಂದವರನ್ನು ಕೂರಿಸುವ ಮುಂಚೆಯೇ ರತ್ನಪ್ರಭಾ ವಿಷಯ ಹೇಳಿಬಿಡುತ್ತಾರೆ. ಹೇಳದಿದ್ದರೆ ಯಾರಿಗೂ ಗೊತ್ತಾಗದು, ಆದರೂ ಹೇಳುತ್ತಾರೆ. ಕೇಳಿ ಕೆಲವರು ಗಡಿಯಾರ ನೋಡಿಕೊಂಡು, ಇನ್ನೊಂದಿನ ಬರ್ತೀನಿ ಎಂದು ಹೊರಟುಬಿಡುತ್ತಾರೆ.

ಈ ಹೊತ್ತು ಬಂದಿರುವವಳು ಅಪೂರ್ವ, ಮುನಿರ್ಕಾದಿಂದ ಬಂದ ಹೊಸ ಹುಡುಗಿ. ಮೂಗಿನ ತುಂಬ ಕರಿಚುಕ್ಕೆ.

“ಕೂರೋಕೆ ಮುಂಚೆ ಒಂದು ಮಾತು ಕೇಳಮ್ಮ” ಎನ್ನುತ್ತಾರೆ ರತ್ನಪ್ರಭಾ ಎಂದಿನಂತೆ. “ಜನವರೀಲಿ ನನ್ನ ಕೈಯಿಂದ ಒಬ್ಬಳು ಹುಡುಗಿ ಆಸ್ಪತ್ರೆ ಸೇರಿದಳು. ಮುಟ್ಟಬಾರದ್ದನ್ನ ಮುಟ್ಟಿದೆ. ಕಣ್ಣು ಹೋಗೋದ್ರಲ್ಲಿತ್ತು. ಯೋಚನೆ ಮಾಡಿ ಕೂತ್ಕೋ.”

“ಗೊತ್ತು ಆಂಟಿ. ಗಗನಾ ನನ್ನ ಸೀನಿಯರ್” ಎಂದು ಹುಡುಗಿ ಕುರ್ಚಿ ಎಳೆದು ಕೂರುತ್ತಾಳೆ. “ಹೋಗೋದಾದ್ರೆ ಅವರ ಹತ್ರಾನೇ ಹೋಗು ಅಂತ ಅವಳೇ ಕಳಿಸಿದ್ದು.”

ರತ್ನಪ್ರಭಾ ಕಡ್ಡಿ ಎತ್ತಿಕೊಳ್ಳುತ್ತಾರೆ. ಬೆರಳು ನಡುಗುತ್ತದೆ. ಮೆಲ್ಲಗೆ ಅದನ್ನು ತಟ್ಟೆಯಲ್ಲಿಡುತ್ತಾರೆ.

“ಸ್ವಲ್ಪ ಇರಮ್ಮ” ಎನ್ನುತ್ತಾರೆ. “ಕೈ ನಿಲ್ಲಲಿ.”