ಎರಡೂ ತೋಳು ಅಗಲಿಸಿದ ದಿನ

ಗಿಣಿಗೇರಾ ಹತ್ತಿರದ ಉಕ್ಕಿನ ಕಾರ್ಖಾನೆಯೊಂದರಲ್ಲಿ ನಾನು ಕ್ರೇನಿಗೆ ಸನ್ನೆ ಮಾಡುವವನಾಗಿದ್ದೆ. ಆ ಶೆಡ್ಡಿನೊಳಗೆ ಕೂಗಿದರೆ ಪಕ್ಕದವನಿಗೂ ಕೇಳುವುದಿಲ್ಲ. ಮೇಲೆ ಕ್ಯಾಬಿನ್ನಿನಲ್ಲಿ ಕೂತವನು ನೋಡುವುದು ನನ್ನ ಕೈಯನ್ನು ಮಾತ್ರ. ತೋರುಬೆರಳು ಮೇಲೆ ಮಾಡಿ ತಿರುಗಿಸಿದರೆ ಎತ್ತು. ಕೆಳಗೆ ಮಾಡಿದರೆ ಇಳಿಸು. ಎರಡೂ ತೋಳು ಅಗಲಿಸಿ ಬೀಸಿದರೆ, ಇದ್ದಲ್ಲೇ ನಿಲ್ಲು. ಶಾಲೆ ಬೇಗ ಬಿಟ್ಟವನು ನಾನು. ಆದರೆ ನನ್ನ ಕೈ ಒಮ್ಮೆಯೂ ತೊದಲಲಿಲ್ಲ, ಇದನ್ನು ಎದೆ ತಟ್ಟಿ ಹೇಳುತ್ತೇನೆ.

ಕ್ಯಾಬಿನ್ನಿನಲ್ಲಿ ಕೂರುತ್ತಿದ್ದವನು ನನ್ನ ಹೆಂಡತಿಯ ತಮ್ಮ. ನನ್ನನ್ನು ಕೆಲಸಕ್ಕೆ ಸೇರಿಸಿದವನೂ ಅವನೇ. ಬರಬರುತ್ತಾ ಮನೆಯಲ್ಲೂ ನನಗೆ ಬಾಯಿ ಕಡಿಮೆಯಾಗಿತ್ತು. ನೀರು ಬೇಕೆಂದರೆ ಹೆಬ್ಬೆರಳು, ಸಾಕೆಂದರೆ ಅಂಗೈ.

"ನಾ ಏನ್ ಕ್ರೇನ್ ಅದೀನೇನ್ರಿ? ಬಾಯಿ ಬಿಟ್ಟು ಹೇಳ್ರಿ," ಎಂದು ಹೆಂಡತಿ ರೊಟ್ಟಿ ಬಡಿಯುತ್ತಲೇ ಬಯ್ಯುತ್ತಿದ್ದಳು.

ನಿಲ್ಲಿಸುವ ಸನ್ನೆಯನ್ನು ಅಲ್ಲಿ ಯಾರು ಬೇಕಾದರೂ ಮಾಡಬಹುದು, ಕಸ ಹೊಡೆಯುವವರೂ. ಗೋಡೆಯ ಮೇಲೆ ಹಾಗೆಂದು ಬರೆದೇ ಇದೆ. ಆದರೆ ಗುತ್ತಿಗೆಯವರಾದ ನಾವು ಯಾರೂ ಅದನ್ನು ನಾವಾಗಿ ಮಾಡುತ್ತಿರಲಿಲ್ಲ. ಏನಾದರೂ ಕಂಡರೆ ಸೂಪರ್‌ವೈಸರನ ಮುಖ ನೋಡುವುದು. ಅವನು ಕೈ ಎತ್ತದಿದ್ದರೆ ನಮ್ಮ ಕಣ್ಣಿಗೂ ಏನೂ ಬಿದ್ದಿಲ್ಲ.

ಅವತ್ತು ದುರಸ್ತಿ ನಡೆದಿತ್ತು. ದೊಡ್ಡದೊಂದು ಕಬ್ಬಿಣದ ರೋಲರನ್ನು ಎತ್ತಿ ಅದರ ಜಾಗದಲ್ಲಿ ಕೂರಿಸಬೇಕಿತ್ತು. ಯಲಬುರ್ಗಾ ಕಡೆಯಿಂದ ಬಸ್ಸಿಗೆ ಬರುವ ಆಳುಗಳು ಅದರ ಕೆಳಗೆ ನಿಂತಿದ್ದರು, ಅದು ಅತ್ತಿತ್ತ ತಿರುಗದಂತೆ ಹಿಡಿಯಲು. ಬೆಳಿಗ್ಗೆ ಅವರ ಜೊತೆಗೇ ಮಂಡಕ್ಕಿ ಮಿರ್ಚಿ ತಿಂದಿದ್ದೆ. ರೋಲರ್ ತಲೆಗಿಂತ ಮೇಲೆ ಹೋಯಿತು. ಹುಕ್ಕಿನ ಪಕ್ಕದಲ್ಲಿ ಉಕ್ಕಿನ ಹಗ್ಗದ ಎಳೆಗಳು ಕಡಿದು ಮುಳ್ಳಿನಂತೆ ಎದ್ದು ನಿಂತದ್ದು ಆಗ ಕಂಡಿತು. ಸೂಪರ್‌ವೈಸರನ ಮುಖ ನೋಡಿದೆ. ಅವನೂ ಹಗ್ಗ ನೋಡಿದ. ನನ್ನ ಕಡೆ ತಿರುಗಿ ಬೆರಳು ಮೇಲೆ ಮಾಡಿ ತಿರುಗಿಸಿದ.

ನಾನು ಎರಡೂ ತೋಳು ಅಗಲಿಸಿ ಬೀಸಿದೆ.

ಕ್ರೇನ್ ನಿಂತಿತು. ಓಡಿಹೋಗಿ ಕೆಳಗಿದ್ದವರನ್ನು ಅಂಗಿ ಹಿಡಿದು ಹೊರಗೆಳೆದೆ. ಸೂಪರ್‌ವೈಸರ್ ನನ್ನ ಕಿವಿಯ ಹತ್ತಿರ ಬಂದು ಕಿರುಚಿದ.

"ಯಾರನ್ನ ಕೇಳಿ ನಿಲ್ಲಿಸ್ದಿ?"

"ಹಗ್ಗದ ಎಳಿ ಕಡದಾವ್ರಿ. ಇದರ ಕೆಳಗ ಮಂದಿನ್ನ ನಿಲ್ಲಸಬ್ಯಾಡ್ರಿ."

"ನಿನ್ನಿನೂ ಇದ ಹಗ್ಗ ಎತ್ತೈತಿ."

"ನಿನ್ನಿ ನಾ ನೋಡಿದ್ದಿಲ್ರಿ. ಇವತ್ತ ಕಂಡೈತಿ. ಎತ್ತು ಅಂತ ನಾ ಹೇಳಂಗಿಲ್ಲ."

ಅಷ್ಟು ಮಾತನ್ನು ಆ ಶೆಡ್ಡಿನೊಳಗೆ ನಾನು ಎಂದೂ ಆಡಿರಲಿಲ್ಲ. ಅವನು ನನ್ನನ್ನು ಪಕ್ಕಕ್ಕೆ ತಳ್ಳಿ, ಆಳುಗಳನ್ನು ಮತ್ತೆ ಕೆಳಗೆ ನಿಲ್ಲಿಸಿ, ತಾನೇ ಸನ್ನೆ ಮಾಡಿದ. ಮೇಲಿದ್ದ ಹೆಂಡತಿಯ ತಮ್ಮ ಒಂದು ಗಳಿಗೆ ನನ್ನನ್ನೇ ನೋಡಿದ. ಆಮೇಲೆ ಎತ್ತಿದ.

ಹಗ್ಗ ಹರಿಯಲಿಲ್ಲ. ರೋಲರ್ ಹೋಗಿ ತನ್ನ ಜಾಗದಲ್ಲಿ ಕೂತಿತು.

"ಹರೀತೇನಪಾ?" ಎಂದು ಶೆಡ್ಡಿನ ಹೊರಗೆ ಬಂದ ಮೇಲೆ ಸೂಪರ್‌ವೈಸರ್ ನಕ್ಕ. ನಾನು ಹೊರಗೆಳೆದಿದ್ದ ಆಳುಗಳೂ ನಕ್ಕರು. "ಕಾಕಾಗ ಅಂಜಿಕಿ ಹೊಕ್ಕೈತ್ರಿ, ಲಿಂಬಿಹಣ್ಣು ಇಳಸ್ರಿ," ಎಂದ ಒಬ್ಬ. ಸಂಜೆ ಗೇಟಿನಲ್ಲಿ ನನ್ನ ಪಾಸ್ ಕಸಿದುಕೊಂಡರು.

"ಬಾಯಿ ಬಿಡ್ರಿ ಅಂದ್ರ ಒಂದ ದಿನಾ ಬಿಟ್ರಿ. ಅವತ್ತ ಕೆಲಸಾ ಹೋತು," ಎಂದಳು ಹೆಂಡತಿ. ಬಯ್ಯುತ್ತಿರಲಿಲ್ಲ, ಅಳುತ್ತಿದ್ದಳು.

ಈಗ ಕುಷ್ಟಗಿ ಕಡೆಯ ದಾಳಿಂಬೆ ತೋಟಗಳಲ್ಲಿ ಕ್ರೇಟು ಹೊರುತ್ತೇನೆ. ಹಗ್ಗ ಹರಿದು ಯಾರಾದರೂ ಸತ್ತಿದ್ದರೆ ನನ್ನ ಮಾತು ನಿಜವಾಗುತ್ತಿತ್ತು. ಹಾಗೆಂದು ಅದನ್ನು ಬಯಸಲಾದೀತೆ? ಆ ಯೋಚನೆ ಬಂದಾಗ ಇನ್ನೊಂದು ಕ್ರೇಟು ಹೆಗಲಿಗೆ ಏರಿಸಿಕೊಳ್ಳುತ್ತೇನೆ.

ಮೊನ್ನೆ ಅಮಾವಾಸ್ಯೆಯ ಊಟಕ್ಕೆ ಹೆಂಡತಿಯ ತಮ್ಮ ಬಂದಿದ್ದ. ಅವತ್ತಿನಿಂದ ನಮ್ಮಿಬ್ಬರಲ್ಲಿ ಮಾತಿರಲಿಲ್ಲ. ನಾನೇ ಕೇಳಿದೆ.

"ಆ ಹಗ್ಗ ಬದಲ ಮಾಡ್ಯಾರೇನು?"

"ಇಲ್ಲ ಮಾವಾ."

"ಕೆಳಗ ಮಂದಿ ನಿಲ್ತಾರ?"

"ನಿಲ್ತಾರ."

"ನಾಳೆ ನೀ ಕ್ಯಾಬಿನ್ ಏರಬ್ಯಾಡ. ಹಗ್ಗ ಬದಲ ಮಾಡ್ರಿ, ಆಮ್ಯಾಲೆ ಏರ್ತೀನಿ ಅನ್ನು. ನೀ ಎತ್ತಲಿಲ್ಲಂದ್ರ ಅದು ಏಳಂಗಿಲ್ಲ."

"ನಾನೂ ಕೆಲಸಾ ಕಳಕೊಂಡ್ರ ಉಣ್ಣಾಕ ಯಾರ್ ಹಾಕ್ತಾರ ಮಾವಾ?"

ಹೆಂಡತಿ ಇನ್ನೊಂದು ಹೋಳಿಗೆ ತಂದು ತಮ್ಮನ ಗಂಗಾಳದ ಮೇಲೆ ಹಿಡಿದಳು. ಅವನು ಬಾಯಿ ತೆರೆಯದೆ ಅಂಗೈ ಅಡ್ಡ ಹಿಡಿದ.